ಅರವತ್ತೊಂದು ಆಕಳಿಕೆ

"ಗುರುಗಳೇ, ಗೋಲು ಹೊಡೆದವನ ಗೋಲನ್ನು ಎಣಿಸಬಹುದು. ಗೋಲು ಆಗದ ಹಾಗೆ ನೋಡಿಕೊಂಡವನದು ಏನನ್ನು ಎಣಿಸಬೇಕು?"

ಕೇಳಿದವನು ಪಾಲಾಕ್ಷ. ಅವನೊಂದು ವೃತ್ತಿಪರ ಹಾಕಿ ತಂಡದ ಆಯ್ಕೆಗಾರ. ಕೇಳಿಸಿಕೊಂಡವರು ಅವನಿಗೆ ಹಾಕಿ ಕಲಿಸಿದ ಗುರುಗಳು. ಅವರು ಈಗ ಯಾರಿಗೂ ಕಲಿಸುತ್ತಿರಲಿಲ್ಲ. ಯಾರಾದರೂ ಬಂದು ಕೇಳಿದರೆ ಇಲ್ಲ ಎನ್ನುತ್ತಲೂ ಇರಲಿಲ್ಲ.

ಪಾಲಾಕ್ಷನ ತಂಡದಲ್ಲಿ ನಾಲ್ವರು ಡಿಫೆಂಡರ್‌ಗಳಿದ್ದರು. ಮುಂದಿನ ವರ್ಷಕ್ಕೆ ಮೂವರು ಸಾಕು ಎಂದು ಮಾಲೀಕರು ಹೇಳಿದ್ದರು. ನಾಲ್ವರನ್ನೂ ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಬರೆದು ಸಂಜೆಯೊಳಗೆ ಕೊಡಬೇಕಿತ್ತು. ನಾಲ್ಕನೆಯವನು ಮನೆಗೆ. ಪಾಲಾಕ್ಷನ ಕೈಯಲ್ಲಿ ದೊಡ್ಡದೊಂದು ಹಾಳೆಯಿತ್ತು. ಅದರ ತುಂಬ ಅಂಕಿಗಳಿದ್ದವು.

ಗುರುಗಳು ಹಾಳೆಯನ್ನು ದೂರ ಹಿಡಿದು ನೋಡಿದರು. "ಎಷ್ಟು ಕಾಲಂ ಹಾಕಿದ್ದೀಯಪ್ಪಾ?"

"ಇಪ್ಪತ್ತೆರಡು. ಇನ್ನೂ ನಾಲ್ಕು ಹಾಕೋಣ ಅಂತಿದ್ದೆ, ಜಾಗ ಸಾಲಲಿಲ್ಲ. ನ್ಯಾಯವಾಗಿರಬೇಕಲ್ಲ ಗುರುಗಳೇ. ನಾಳೆ ಯಾರೂ ಬೆರಳು ತೋರಿಸಬಾರದು."

"ಹಾಗಾದರೆ ಕೂತ್ಕೊ" ಎಂದರು ಗುರುಗಳು. "ನ್ಯಾಯವಾಗಿಯೇ ನಡೆದ ಒಂದು ಕತೆ ಹೇಳುತ್ತೇನೆ."

ಪಾಲಾಕ್ಷ ಹಾಳೆಯನ್ನು ಮಡಿಚಿ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನಿಗೊಂದು ಹಾಕಿ ತಂಡವಿತ್ತು. ಎಣ್ಣೆ ವ್ಯಾಪಾರಿಗೆ ಹಾಕಿ ತಂಡ ಏಕೆ ಎಂದು ಕೇಳಬೇಡ. ಪಕ್ಕದ ಊರಿನ ಬೆಲ್ಲದ ವ್ಯಾಪಾರಿಗೆ ಒಂದಿತ್ತು, ಅದಕ್ಕೆ.

ಎಣ್ಣೆಯವನ ತಂಡದಲ್ಲೂ ನಾಲ್ವರು ಡಿಫೆಂಡರ್‌ಗಳು. ಒಬ್ಬ ಬಹಳ ಜೋರಾಗಿ ಓಡುತ್ತಿದ್ದ. ಅವನನ್ನು ಊರವರು ಓಡುವವನು ಎನ್ನುತ್ತಿದ್ದರು. ಇನ್ನೊಬ್ಬ ಉದ್ದನೆಯವನು. ಅವನು ಇದ್ದಲ್ಲಿಂದ ಕದಲದೆ ಕೈ ಚಾಚಿದರೆ ಅವನ ಸ್ಟಿಕ್ಕು ಪಕ್ಕದವನ ಚೆಂಡಿಗೆ ತಾಗುತ್ತಿತ್ತು. ಮೂರನೆಯವನು ಜಾರುವವನು. ಅವನು ನೆಲದ ಮೇಲೆ ಜಾರಿಕೊಂಡು ಹೋಗಿ ಚೆಂಡು ಕಸಿಯುತ್ತಿದ್ದ. ಪಂದ್ಯ ಮುಗಿಯುವ ಹೊತ್ತಿಗೆ ಅವನ ಮೊಣಕಾಲಿನಲ್ಲಿ ಚರ್ಮ ಇರುತ್ತಿರಲಿಲ್ಲ. ನೋಡುವ ಹೆಂಗಸರು ಅಯ್ಯೋ ಎನ್ನುತ್ತಿದ್ದರು.

ನಾಲ್ಕನೆಯವನು ಓಡುತ್ತಿರಲಿಲ್ಲ, ಚಾಚುತ್ತಿರಲಿಲ್ಲ, ಜಾರುತ್ತಲೂ ಇರಲಿಲ್ಲ. ಈ ಮೂವರ ಹಿಂದೆ, ಗೋಲ್‌ಕೀಪರನ ಸ್ವಲ್ಪ ಮುಂದೆ, ನಿಂತಿರುತ್ತಿದ್ದ. ಆದ್ದರಿಂದ ಅವನು ನಿಲ್ಲುವವನು. ವಯಸ್ಸು ಮೂವತ್ತಾರು. ಹದಿನಾಲ್ಕು ವರ್ಷದಿಂದ ಇದೇ ತಂಡದಲ್ಲಿ ನಿಂತಿದ್ದ. ಆಟ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಮೂವತ್ತಾರರ ಡಿಫೆಂಡರನನ್ನು ಇನ್ನೊಂದು ತಂಡ ತೆಗೆದುಕೊಳ್ಳುವುದೂ ಇಲ್ಲ. ಈ ತಂಡದ ಪಟ್ಟಿಯಲ್ಲಿ ಹೆಸರಿದ್ದರೆ ಅವನು ಆಟಗಾರ. ಇಲ್ಲದಿದ್ದರೆ ಅವನು ಹಾಕಿ ಆಡುವುದು ಅಲ್ಲಿಗೆ ಮುಗಿಯಿತು.

ಒಂದು ವರ್ಷ ವ್ಯಾಪಾರಿಗೆ ಒಂದು ಯೋಚನೆ ಬಂತು. ಜನ ಬರುವುದು ಗೋಲು ನೋಡಲು. ಗೋಲು ಹೊಡೆಯುವವನು ಇನ್ನೊಬ್ಬ ಬೇಕು. ಅವನಿಗೆ ಜಾಗ ಮಾಡಬೇಕಾದರೆ ಡಿಫೆಂಡರ್‌ಗಳಲ್ಲಿ ಒಬ್ಬ ಕಡಿಮೆಯಾಗಬೇಕು. ಯಾರು? ವ್ಯಾಪಾರಿ ಎಣ್ಣೆಯಲ್ಲಿ ಎಂದೂ ಕಲಬೆರಕೆ ಮಾಡಿದವನಲ್ಲ. ಇದರಲ್ಲೂ ಮಾಡಬಾರದು ಎಂದುಕೊಂಡ. ಮೂವರನ್ನು ಕರೆಸಿ, ನಾಲ್ವರನ್ನೂ ನ್ಯಾಯವಾಗಿ ತೂಗಿ ಕೊಡಿ ಎಂದ.

ಮೂವರಲ್ಲಿ ಒಬ್ಬರು ನಿವೃತ್ತರಾದ ಲೆಕ್ಕದ ಮೇಷ್ಟ್ರು. ಒಬ್ಬ ಹಳೆಯ ಫಾರ್ವರ್ಡ್, ಒಂದು ಕಾಲದಲ್ಲಿ ಬಹಳ ಗೋಲು ಹೊಡೆದವನು. ಇನ್ನೊಬ್ಬರು ನಿವೃತ್ತ ನ್ಯಾಯಾಧೀಶರು.

"ನನಗೆ ಹಾಕಿಯಲ್ಲಿ ಏನೂ ಗೊತ್ತಿಲ್ಲವಲ್ಲ" ಎಂದರು ನ್ಯಾಯಾಧೀಶರು.

"ಅದಕ್ಕೇ ಸ್ವಾಮಿ ನಿಮ್ಮನ್ನು ಕರೆದದ್ದು" ಎಂದ ವ್ಯಾಪಾರಿ.

ನ್ಯಾಯಾಧೀಶರಿಗೆ ಈ ಮಾತು ಹಿಡಿಸಿತು. ಒಪ್ಪಿಕೊಂಡರು.

ಎಣ್ಣೆ ಗಿರಣಿಯ ಮಹಡಿಯಲ್ಲಿ ಒಂದು ಟಿ.ವಿ. ಇಟ್ಟರು. ಹಿಂದಿನ ವರ್ಷದ ಇಪ್ಪತ್ತು ಪಂದ್ಯಗಳ ಚಿತ್ರೀಕರಣ ತಂದರು. ದಿನಾ ಬೆಳಿಗ್ಗೆ ಹತ್ತಕ್ಕೆ ಕೂತು ಅವಲಕ್ಕಿ ತಿನ್ನುತ್ತ ನೋಡುವುದು ಎಂದಾಯಿತು. ಆದರೆ ಮೊದಲ ದಿನ ಟಿ.ವಿ. ಹಚ್ಚುವ ಮೊದಲೇ ಜಗಳ ಶುರುವಾಯಿತು.

"ಯಾರು ಎಷ್ಟು ಚೆಂಡು ಕಸಿದರು ಅಂತ ಎಣಿಸಿದರೆ ಆಯಿತು. ಇದರಲ್ಲೇನಿದೆ?" ಎಂದರು ಮೇಷ್ಟ್ರು.

"ಆಯಿತಾ ಮೇಷ್ಟ್ರೇ?" ಎಂದ ಹಳೆಯ ಫಾರ್ವರ್ಡ್. "ಚೆಂಡು ಯಾರ ಕಡೆ ಹೋಗುತ್ತೋ ಅವನು ತಾನೇ ಕಸಿಯೋದು? ಗಟ್ಟಿ ಡಿಫೆಂಡರ್ ಇರೋ ಕಡೆ ನಾನು ಕಾಲೇ ಇಡ್ತಿರಲಿಲ್ಲ. ಸೋಮಾರಿ ಎಲ್ಲಿದ್ದಾನೆ ನೋಡಿ ಅಲ್ಲಿಗೆ ನುಗ್ಗುತ್ತಿದ್ದೆ. ನಿಮ್ಮ ಲೆಕ್ಕ ಹಿಡಿದರೆ ಆ ಸೋಮಾರಿಗೇ ಮೊದಲ ಬಹುಮಾನ."

"ಹಾಗಾದರೆ ಯಾರ ಕಡೆಗೆ ಚೆಂಡು ಹೋಗಲಿಲ್ಲ ಅಂತ ಎಣಿಸೋಣ."

"ಎಣಿಸಿ ನೋಡೋಣ. ಹೋಗದೆ ಇದ್ದ ಚೆಂಡು ನಿಮಗೆ ಕಾಣಿಸುತ್ತಾ?"

ಮೇಷ್ಟ್ರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಯೋಚಿಸಿದರು. ಅವರಿಗೆ ಕಾಣಿಸಲಿಲ್ಲ.

"ನನ್ನ ಕೇಳಿದರೆ ಡಿಫೆಂಡರನನ್ನು ನೋಡಲೇಬಾರದು" ಎಂದ ಫಾರ್ವರ್ಡ್. "ಅವನ ಎದುರು ಆಡಿದವನ ಕಾಲು ನೋಡಬೇಕು." ಎದ್ದುನಿಂತು ಪಂಚೆ ಎತ್ತಿ ಮೊಣಕಾಲ ಕೆಳಗಿನ ಒಂದು ಗುಳಿ ತೋರಿಸಿದ. "ಇದು ಫೈನಲ್‌ನಲ್ಲಿ ಆದದ್ದು. ಹೊಡೆದವನು ಮಹಾನುಭಾವ. ಅವನಂಥ ಡಿಫೆಂಡರ್ ಇನ್ನು ಹುಟ್ಟಲ್ಲ."

ನ್ಯಾಯಾಧೀಶರು ಕನ್ನಡಕ ಏರಿಸಿ ಗುಳಿಯನ್ನು ನೋಡಿದರು. "ಇದಕ್ಕೆ ವೈದ್ಯರ ಸರ್ಟಿಫಿಕೇಟ್ ಇದೆಯೇ?"

"ಗುಳಿಗೇಕೆ ಸ್ವಾಮಿ ಸರ್ಟಿಫಿಕೇಟು? ಬೆರಳಿಟ್ಟು ನೋಡಿ."

"ಬೇಡ" ಎಂದರು ನ್ಯಾಯಾಧೀಶರು. "ಪಂಚೆ ಇಳಿಸಿ."

ಕೊನೆಗೆ ಎಲ್ಲವನ್ನೂ ಎಣಿಸುವುದು ಎಂದು ತೀರ್ಮಾನವಾಯಿತು. ಚೆಂಡು ಕಸಿದದ್ದು, ತಪ್ಪಿಸಿಕೊಂಡದ್ದು, ಓಡಿದ ದೂರ, ಕೊಟ್ಟ ಪೆನಾಲ್ಟಿ ಕಾರ್ನರ್, ನೆಲಕ್ಕೆ ಬಿದ್ದದ್ದು, ಎದ್ದದ್ದು. ಹಾಳೆಗೆ ಹಾಳೆ ಅಂಟಿಸಿದರು.

ಅಂಟಿಸುವಾಗ ಮೇಷ್ಟ್ರ ಕಣ್ಣಿಗೆ ಒಂದು ವಿಷಯ ಬಿತ್ತು. ಇಪ್ಪತ್ತು ಪಂದ್ಯಗಳಲ್ಲಿ ಎರಡಕ್ಕೆ ನಿಲ್ಲುವವನು ಬಂದಿರಲಿಲ್ಲ, ಜ್ವರ. ಆ ಎರಡೇ ಪಂದ್ಯದಲ್ಲಿ ತಂಡಕ್ಕೆ ಒಂಬತ್ತು ಗೋಲು ಬಿದ್ದಿದ್ದವು. ಉಳಿದ ಹದಿನೆಂಟರಲ್ಲಿ ಹನ್ನೆರಡು. ಮೇಷ್ಟ್ರು ಹುಬ್ಬು ಏರಿಸಿದರು.

"ಅವೆರಡೂ ಗಟ್ಟಿ ತಂಡಗಳ ಮೇಲಿನ ಪಂದ್ಯ" ಎಂದ ಫಾರ್ವರ್ಡ್. "ಒಂದರಲ್ಲಿ ಮಳೆ ಬೇರೆ."

ಮೇಷ್ಟ್ರು ಪ್ರಾಮಾಣಿಕರು. ಎರಡು ಪಂದ್ಯದಿಂದ ಏನನ್ನೂ ಸಾಧಿಸಲಾಗದು ಎಂದು ಅವರಿಗೆ ಗೊತ್ತಿತ್ತು. ಆ ಎರಡನ್ನೂ ಲೆಕ್ಕದಿಂದ ಹೊಡೆದುಹಾಕಿದರು. ಅವರು ಮಾಡಿದ್ದು ತಪ್ಪಲ್ಲ, ಲೆಕ್ಕ ಕಲಿತವರು ಹಾಗೆಯೇ ಮಾಡಬೇಕು.

ಮೊದಲ ಪಂದ್ಯ ಹಚ್ಚಿದರು. ಜಾರುವವನು ಜಾರಿದ. ಟಿ.ವಿ.ಯಲ್ಲಿ ವಿವರಣೆ ಕೊಡುವವನು, "ಅಮೋಘ! ಅತ್ಯಮೋಘ! ಇವನು ಮನುಷ್ಯನಲ್ಲ, ಕೋಟೆ!" ಎಂದು ಕೂಗಿದ. ಫಾರ್ವರ್ಡ್ ಹತ್ತಕ್ಕೆ ಆರು ಅಂಕ ಎಂದು ಬರೆಯಹೊರಟವನು ಕೈ ತಡೆದು ಎಂಟು ಎಂದು ಬರೆದ. ನ್ಯಾಯಾಧೀಶರು ಅದನ್ನು ನೋಡಿದರು. ಪಂದ್ಯ ನಿಲ್ಲಿಸಿದರು.

"ಈಗ ಮಾತಾಡಿದವನು ಯಾರು?"

"ವಿವರಣೆ ಕೊಡುವವನು ಸ್ವಾಮಿ."

"ಪ್ರಮಾಣ ಮಾಡಿದ್ದಾನೆಯೇ?"

"ಹಾಕಿಯಲ್ಲಿ ಅವರಿಗೆ ಪ್ರಮಾಣ ಮಾಡಿಸೋದಿಲ್ಲ ಸ್ವಾಮಿ."

"ಹಾಗಿದ್ದರೆ ಅವನ ಮಾತು ನಮ್ಮ ಕಿವಿಗೆ ಬೀಳಬಾರದು. ಜನರ ಚಪ್ಪಾಳೆಯೂ ಬೀಳಬಾರದು. ನಾವು ಕಣ್ಣಾರೆ ಕಂಡದ್ದು ಸಾಕ್ಷಿ. ಇನ್ನೊಬ್ಬರ ಬಾಯಿಂದ ಕೇಳಿದ್ದು ಸಾಕ್ಷಿಯಲ್ಲ. ದನಿ ನಿಲ್ಲಿಸಿ."

ಮೇಷ್ಟ್ರು ಟಿ.ವಿ.ಯ ದನಿ ನಿಲ್ಲಿಸಿದರು.

ಇಲ್ಲಿ ಪಾಲಾಕ್ಷ ಮಧ್ಯೆ ಬಾಯಿ ಹಾಕಿದ. "ಒಳ್ಳೇ ಕೆಲಸ ಮಾಡಿದರು ಗುರುಗಳೇ. ಆ ವಿವರಣೆಯವರ ಬಾಯಿಗೆ ಸಿಕ್ಕಿ ಎಷ್ಟು ಜನ ದೊಡ್ಡವರಾಗಿಬಿಟ್ಟಿದ್ದಾರೆ!"

"ಒಳ್ಳೇ ಕೆಲಸವೇ" ಎಂದು ಗುರುಗಳು ಮುಂದುವರಿಸಿದರು.

ದನಿಯಿಲ್ಲದ ಟಿ.ವಿ.ಯಲ್ಲಿ ಆಟ ಸ್ಪಷ್ಟವಾಗಿ ಕಾಣತೊಡಗಿತು. ಓಡುವವನು ಓಡಿದ. ಉದ್ದನೆಯವನು ಚಾಚಿದ. ಜಾರುವವನು ಜಾರಿದ. ಮೂವರೂ ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿಗೆ ಒಂದು ಕ್ಷಣ ಮೊದಲೇ ಹೋಗಿ ನಿಂತಿರುತ್ತಿದ್ದರು. ಫಾರ್ವರ್ಡ್ ತೊಡೆ ತಟ್ಟಿಕೊಂಡ. "ಇದು ಹುಟ್ಟಿನಿಂದ ಬರಬೇಕು ಸ್ವಾಮಿ. ಕಲಿಸಿದರೆ ಬರೋದಲ್ಲ."

ನಿಲ್ಲುವವನು ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ನ್ಯಾಯಾಧೀಶರು ಪರದೆಯ ಹತ್ತಿರ ಬಗ್ಗಿದರು.

"ಈತ ಯಾಕೆ ಹೀಗೆ ಬಾಯಿ ತೆರೆಯುತ್ತಾನೆ?"

ಮೂವರೂ ನೋಡಿದರು. ನಿಲ್ಲುವವನು ಬಾಯಿ ದೊಡ್ಡದಾಗಿ ತೆರೆದ, ಮುಚ್ಚಿದ. ಒಂದು ನಿಮಿಷದ ಮೇಲೆ ಮತ್ತೆ ತೆರೆದ.

"ಆಕಳಿಕೆ" ಎಂದರು ಮೇಷ್ಟ್ರು.

"ಖಚಿತವೇ?"

"ಸ್ವಾಮಿ, ಮೂವತ್ತೊಂದು ವರ್ಷ ಊಟದ ನಂತರದ ಪೀರಿಯಡ್ಡಿನಲ್ಲಿ ಬೀಜಗಣಿತ ಹೇಳಿಕೊಟ್ಟವನು ನಾನು. ಆಕಳಿಕೆ ನನಗೆ ಗೊತ್ತಿಲ್ಲವೇ?"

ಇದಕ್ಕಿಂತ ದೊಡ್ಡ ತಜ್ಞ ಸಾಕ್ಷಿ ಸಿಗುವುದು ಕಷ್ಟ. ನ್ಯಾಯಾಧೀಶರು ಒಪ್ಪಿದರು. ನಿಲ್ಲುವವನು ಬಾಯಿ ತೆರೆಯುವುದರ ಜೊತೆಗೆ ಆಗಾಗ ಒಂದು ಕೈಯನ್ನು ಎಡಕ್ಕೋ ಬಲಕ್ಕೋ ನೀಡುತ್ತಿದ್ದ.

"ಮೈ ಬೇರೆ ಮುರಿಯುತ್ತಿದ್ದಾನೆ" ಎಂದರು ಮೇಷ್ಟ್ರು. ಅವರ ದನಿಯಲ್ಲಿ ಬೇಸರವಿತ್ತು. ಹೊಸದೊಂದು ಕಾಲಂ ಎಳೆದರು.

ಹದಿನೆಂಟು ಪಂದ್ಯ ನೋಡಿ ಮುಗಿಯುವ ಹೊತ್ತಿಗೆ ಹದಿನೈದು ದಿನವಾಯಿತು. ಪಟ್ಟಿಯನ್ನು ಗಿರಣಿಯ ಬಾಗಿಲಿಗೆ ಅಂಟಿಸಿದರು. ಮೊದಲನೆಯ ಸ್ಥಾನ ಜಾರುವವನಿಗೆ. ಎರಡನೆಯದು ಓಡುವವನಿಗೆ. ಮೂರನೆಯದು ಉದ್ದನೆಯವನಿಗೆ. ನಾಲ್ಕನೆಯದು ನಿಲ್ಲುವವನಿಗೆ. ಅವನ ಹೆಸರಿನ ಮುಂದೆ ಮೇಷ್ಟ್ರ ದುಂಡು ಅಕ್ಷರದಲ್ಲಿ ಕಾರಣ ಬರೆದಿತ್ತು: ಆಕಳಿಕೆ, ಪಂದ್ಯಕ್ಕೆ ಸರಾಸರಿ ಅರವತ್ತೊಂದು. ಯಾರು ಮನೆಗೆ ಎಂದು ಕೇಳುವಂತಿಲ್ಲ, ಪಟ್ಟಿ ಅಷ್ಟು ಸ್ಪಷ್ಟವಾಗಿತ್ತು.

ನಿಲ್ಲುವವನ ಹೆಂಡತಿ ಎಣ್ಣೆ ತರಲು ಹೋದವಳು ಅದನ್ನು ಓದಿದಳು. ಎಣ್ಣೆ ತಾರದೆ ಮನೆಗೆ ಬಂದಳು.

"ಅರವತ್ತೊಂದು ಆಕಳಿಕೆಯಂತೆ! ಯಾರ್ರೀ ಆಕಳಿಸಿದ್ದು? ನಿದ್ದೆಯಲ್ಲೂ ಬಾಯಿ ಮುಚ್ಚದ ಜೀವ ನೀವು. 'ಎಡಕ್ಕೆ ಹೋಗು, ಎಡಕ್ಕೆ ಹೋಗು' ಅಂತ ಕೂಗ್ತೀರಿ. ನಾನು ಎಡಕ್ಕೆ ಸರಿದು ಸರಿದು ಎರಡು ಸಲ ಮಂಚದಿಂದ ಬಿದ್ದಿದ್ದೀನಿ!"

ನಿಲ್ಲುವವನು ಅವಳ ಕೈಯಿಂದ ಖಾಲಿ ಎಣ್ಣೆ ಪಾತ್ರೆ ತೆಗೆದಿಟ್ಟ. ಅವನು ಮನೆಯಲ್ಲಿ ಎಚ್ಚರವಿದ್ದಾಗ ಮಾತಾಡುವುದೇ ಕಡಿಮೆ. ಪಂದ್ಯ ಆಡಿ ಬಂದ ದಿನ ಗಂಟಲೇ ಉಳಿದಿರುತ್ತಿರಲಿಲ್ಲ. ಊಟಕ್ಕೆ ಕೂತರೆ ಉಪ್ಪನ್ನೂ ಕೈಸನ್ನೆಯಲ್ಲಿ ಕೇಳುತ್ತಿದ್ದ.

"ಹೋಗಿ ಹೇಳ್ರೀ."

"ಏನಂತ?"

"ಕೂಗ್ತಿದ್ದೆ ಅಂತ."

"ಅದೇನು ಹೇಳಿಕೊಳ್ಳೋ ವಿಷಯವೇನೇ?"

"ಹೇಳಿಕೊಳ್ಳದೆ ಇದ್ದದ್ದಕ್ಕೇ ಅಲ್ಲವಾ ಆಕಳಿಕೆ ಅಂತ ಬರೆದಿರೋದು? ನಾಳೆಯಿಂದ ಏನು ಮಾಡ್ತೀರಿ? ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನು ಕಾಯ್ತೀರಾ?"

ಅವನು ಹೋದ. ಮಹಡಿಯಲ್ಲಿ ಮೂವರೂ ಇದ್ದರು. ಮೇಲ್ಮನವಿಗೆ ಅವಕಾಶ ಕೊಡದಿದ್ದರೆ ನ್ಯಾಯವಾಗುವುದಿಲ್ಲ ಎಂದು ನ್ಯಾಯಾಧೀಶರೇ ಹೇಳಿದರು. ನಿಲ್ಲುವವನನ್ನು ಕುರ್ಚಿಯ ಮೇಲೆ ಕೂರಿಸಲು ನೋಡಿದರು. ಅವನು ನಿಂತೇ ಇದ್ದ.

"ನಾನು ಆಕಳಿಸಲಿಲ್ಲ ಸ್ವಾಮಿ. ಕೂಗ್ತಿದ್ದೆ."

"ಯಾರನ್ನು?"

"ಮುಂದಿನ ಮೂವರನ್ನು."

"ಏನೆಂದು?"

"ಎಡಕ್ಕೆ. ಬಲಕ್ಕೆ. ಬಿಡು. ಹಿಡಿ. ನಿನ್ನ ಹಿಂದೆ ಒಬ್ಬ ಬರ್ತಿದ್ದಾನೆ."

"ಇನ್ನೇನಾದರೂ?"

ಅವನು ಯೋಚಿಸಿದ. "ಇಷ್ಟೇ ಸ್ವಾಮಿ. ಇದನ್ನೇ ತಿರುಗಾ ಮುರುಗಾ."

ನ್ಯಾಯಾಧೀಶರಿಗೆ ಇದು ಆಟದ ಹಾಗೆ ಕೇಳಿಸಲಿಲ್ಲ. ಫಾರ್ವರ್ಡನ ಕಡೆ ನೋಡಿದರು. ಫಾರ್ವರ್ಡ್ ತಲೆ ಕೆರೆದುಕೊಂಡ. "ನಾನು ಆಡುವಾಗ ಎದುರಿನ ಡಿಫೆಂಡರ್‌ಗಳು ಏನೋ ಕೂಗ್ತಿದ್ದದ್ದು ಹೌದು ಸ್ವಾಮಿ. ನನ್ನನ್ನು ಬೈತಿದ್ದಾರೆ ಅಂದುಕೊಂಡಿದ್ದೆ. ನಾನೂ ತಿರುಗಿ ಬೈತಿದ್ದೆ."

"ನಿಮ್ಮದೇ ತಂಡದ ಡಿಫೆಂಡರ್‌ಗಳು?"

"ಅವರು ಹಿಂದೆ ಎಲ್ಲೋ ಇರ್ತಿದ್ದರು. ನಾನು ತಿರುಗಿ ನೋಡಿದವನಲ್ಲ."

ದನಿ ಹಾಕಿ ನೋಡಿಬಿಡೋಣ ಎಂದರು ಮೇಷ್ಟ್ರು. ಒಂದು ಪಂದ್ಯ ದನಿ ಹಾಕಿ ನೋಡಿದರು. ಅಮೋಘ ಕೇಳಿಸಿತು, ತಮಟೆ ಕೇಳಿಸಿತು, ಯಾರೋ ಒಬ್ಬ ಕಡಲೆಕಾಯಿ ಮಾರುವುದೂ ಕೇಳಿಸಿತು. ಮೈದಾನದ ಆ ತುದಿಯಲ್ಲಿ ನಿಂತವನ ದನಿ ಮಾತ್ರ ಕೇಳಿಸಲಿಲ್ಲ. ಮೈಕು ವಿವರಣೆಯವನ ಮುಂದೆ ಇತ್ತು.

"ಗೋಲ್‌ಕೀಪರನನ್ನು ಕೇಳಬಹುದಲ್ಲ?" ಎಂದ ಫಾರ್ವರ್ಡ್.

"ಅವನು ಹೆಲ್ಮೆಟ್ ಹಾಕಿರುತ್ತಾನೆ. ಹೆಲ್ಮೆಟ್ ಒಳಗಿನ ಕಿವಿಯ ಸಾಕ್ಷಿ ನಿಲ್ಲುವುದಿಲ್ಲ" ಎಂದರು ನ್ಯಾಯಾಧೀಶರು. "ಯಾರನ್ನು ಕೂಗಿದನೋ ಅವರನ್ನೇ ಕೇಳೋಣ. ಒಬ್ಬೊಬ್ಬರನ್ನೇ ಕರೆಸಿ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಬಾರದು."

ಓಡುವವನು ಬಂದ. "ಕೂಗ್ತಾರೆ ಸ್ವಾಮಿ, ಇಲ್ಲ ಅನ್ನಲ್ಲ. ಆದರೆ ಅದನ್ನ ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ಆಮೇಲೆ ಓಡಿದರೆ ಚೆಂಡು ಸಿಗುತ್ತಾ? ಎಲ್ಲಿಗೆ ಹೋಗಬೇಕು ಅಂತ ನನ್ನ ಕಾಲಿಗೇ ಗೊತ್ತಾಗಿಬಿಡುತ್ತೆ."

ಉದ್ದನೆಯವನು ಬಂದ. "ಹಿರಿಯರು, ಏನೋ ಅಂತಿರ್ತಾರೆ ಸ್ವಾಮಿ. ನಮ್ಮಜ್ಜಿಯೂ ದಿನವಿಡೀ ಅಂತಿರ್ತಾಳೆ. ಬೇಜಾರು ಮಾಡಿಕೊಳ್ಳಬಾರದು."

ಜಾರುವವನು ಬಂದ. ಅವನು ದೈವಭಕ್ತ. "ನನಗೆ ಒಳಗಿನಿಂದ ಯಾರೋ 'ಈಗ ಬೀಳು' ಅಂದ ಹಾಗೆ ಆಗುತ್ತೆ ಸ್ವಾಮಿ. ಬೀಳ್ತೀನಿ. ನೋಡಿದರೆ ಚೆಂಡು ಅಲ್ಲೇ ಇರುತ್ತೆ. ಎಲ್ಲಾ ಅವನ ದಯೆ." ಮೇಲೆ ಕೈ ತೋರಿಸಿದ. ನ್ಯಾಯಾಧೀಶರು ಅದನ್ನೂ ಬರೆದುಕೊಂಡರು.

ಮೂವರೂ ಸುಳ್ಳು ಹೇಳಲಿಲ್ಲ. ನಿಲ್ಲುವವನ ಮೇಲೆ ಅವರಿಗೆ ಪ್ರೀತಿಯೇ ಇತ್ತು. ಒಟ್ಟಿಗೆ ಆಡಿದ ಒಂಬತ್ತು ವರ್ಷವೂ ಒಂದೇ ದನಿ ಬೆನ್ನ ಹಿಂದೆ ಇದ್ದರೆ ಅದು ಹೊರಗಿನಿಂದ ಬರುತ್ತಿದೆ ಎಂಬುದೇ ಮರೆತುಹೋಗುತ್ತದೆ.

ಮೇಲ್ಮನವಿ ವಜಾ ಆಯಿತು. ನ್ಯಾಯಾಧೀಶರು ತೀರ್ಪನ್ನು ಎರಡು ಪ್ರತಿ ಮಾಡಿಸಿ ಒಂದನ್ನು ನಿಲ್ಲುವವನಿಗೆ ಕೊಟ್ಟರು. ಅವನು ಅದಕ್ಕೆ ಕೈಮುಗಿದು ತೆಗೆದುಕೊಂಡ.

ಹೊಸ ವರ್ಷದ ಮೊದಲ ಪಂದ್ಯ ಬೆಲ್ಲದ ವ್ಯಾಪಾರಿಯ ತಂಡದ ಮೇಲೆ. ಚೆಂಡು ನಡುವೆ ಬಂತು. ಓಡುವವನು ಓಡಿ ಬಂದ. ಉದ್ದನೆಯವನು ಕೈ ಚಾಚಿದ. ಜಾರುವವನು ಜಾರಿದ. ಓಡಿ ಬಂದವನು ಚಾಚಿದವನ ಸ್ಟಿಕ್ಕು ತೊಡರಿ ಜಾರಿದವನ ಮೇಲೆ ಬಿದ್ದ. ಚೆಂಡು ಮೂವರ ಪಕ್ಕದಿಂದ ನಿಧಾನವಾಗಿ ಹೋಗಿ ಗೋಲಿನೊಳಗೆ ಸೇರಿತು. ಇನ್ನೊಂದು ಸಲ ಬಂತು. ಈಗ ಮೂವರೂ ಹುಷಾರಾಗಿದ್ದರು. ನೀನು ಹೋಗು ಎಂದು ಒಬ್ಬರಿಗೊಬ್ಬರು ದಾರಿ ಬಿಟ್ಟು ನಿಂತರು. ಅದೂ ಗೋಲು. ಒಟ್ಟು ಏಳು ಬಿದ್ದವು. ಬೆಲ್ಲದ ವ್ಯಾಪಾರಿ ಮರುದಿನ ಒಂದು ಬುಟ್ಟಿ ಬೆಲ್ಲ ಕಳಿಸಿದ. ಬಾಯಿ ಸಿಹಿ ಮಾಡಿಕೊಳ್ಳಿ ಎಂದು ಚೀಟಿ ಇಟ್ಟಿದ್ದ.

ವ್ಯಾಪಾರಿ ಬೆಲ್ಲದ ಬುಟ್ಟಿ ಹಿಡಿದುಕೊಂಡೇ ಮಹಡಿ ಹತ್ತಿದ. ಅಲ್ಲಿ ಮೇಷ್ಟ್ರು, ಫಾರ್ವರ್ಡ್, ನ್ಯಾಯಾಧೀಶರು ಮೂವರೂ ಪಂದ್ಯವನ್ನು ದನಿಯಿಲ್ಲದೆ ಎರಡು ಸಲ ನೋಡಿ ಮುಗಿಸಿದ್ದರು.

"ಏನಾಯಿತು ಮೇಷ್ಟ್ರೇ?"

"ಬಹಳ ಪ್ರಗತಿ ಸಾಹುಕಾರ್ರೇ. ಜಾರುವವನು ಹೋದ ವರ್ಷಕ್ಕಿಂತ ಎರಡು ಪಟ್ಟು ಜಾರಿದ್ದಾನೆ. ಓಡುವವನು ಒಂದೂವರೆ ಪಟ್ಟು ಓಡಿದ್ದಾನೆ. ಆಕಳಿಕೆ ಸೊನ್ನೆ."

"ಮೂವರೂ ಉತ್ತಮರಾಗಿದ್ದಾರೆ ಅಂದಹಾಗಾಯಿತು."

"ಅಂಕಿ ಹಾಗೆ ಹೇಳುತ್ತದೆ."

"ಮತ್ತೆ ಏಳು ಗೋಲು?"

ಮೇಷ್ಟ್ರು ಹಾಳೆ ತಿರುವಿದರು. "ಅದು ಗೋಲ್‌ಕೀಪರನ ಕಾಲಂನಲ್ಲಿ ಬರುತ್ತದೆ."

ಗೋಲ್‌ಕೀಪರನನ್ನು ಕರೆಸಿದರು. ಅವನು ಸಿಟ್ಟಿನಲ್ಲಿದ್ದ. "ಮೊದಲು ನನಗೆ ಪಂದ್ಯಕ್ಕೆ ಮೂರು ಚೆಂಡು ಬರ್ತಿತ್ತು ಸಾಹುಕಾರ್ರೇ. ಈಗ ನೀರು ಕುಡಿಯೋಣ ಅಂದರೂ ಬಿಡುವಿಲ್ಲ. ನನ್ನ ಮುಂದೆ ನಿಲ್ತಿದ್ದವರು ಎಲ್ಲಿ? ಅವರನ್ನು ಕರೆಸಿ."

"ಅವನು ಆಕಳಿಸುತ್ತಿದ್ದ" ಎಂದ ವ್ಯಾಪಾರಿ. "ಅದಕ್ಕೆ ತೀರ್ಪಿದೆ." ಗೋಲ್‌ಕೀಪರನನ್ನು ಬದಲಿಸಿದರು. ಹೊಸಬನೂ ಅದನ್ನೇ ಹೇಳಿದ. ಅವನನ್ನೂ ಬದಲಿಸಿದರು. ವರ್ಷ ಮುಗಿಯುವ ಹೊತ್ತಿಗೆ ತಂಡ ಕೆಳಗಿನ ದರ್ಜೆಗೆ ಇಳಿದಿತ್ತು. ಮೂವರು ಡಿಫೆಂಡರ್‌ಗಳ ಅಂಕ ಮಾತ್ರ ಏರುತ್ತಲೇ ಇತ್ತು.

ಇತ್ತ ನಿಲ್ಲುವವನಿಗೆ ಹೊಟ್ಟೆಪಾಡು ಬೇಕಲ್ಲ. ಹೆಂಡತಿ ಗಿರಣಿಯ ಮೇಸ್ತ್ರಿಯನ್ನು ಕಂಡು ಮಾತಾಡಿ, ಅದೇ ಗಿರಣಿಯ ಅಂಗಳದಲ್ಲಿ ಒಂದು ಕೆಲಸ ಕೊಡಿಸಿದಳು. ಅಂಗಳ ಇಕ್ಕಟ್ಟು. ಒಂದು ಕಡೆ ಗೋಡೆ, ಒಂದು ಕಡೆ ಬಾವಿ. ಲಾರಿಗಳು ಕಡಲೆಕಾಯಿ ತುಂಬಿಕೊಂಡು ಹಿಂದೆ ಹಿಂದೆ ಬರಬೇಕು. ಪ್ರತಿ ವರ್ಷ ನಾಲ್ಕೈದು ಸಲ ಗೋಡೆ ಬೀಳುತ್ತಿತ್ತು. ಒಂದು ಸಲ ಲಾರಿಯ ಹಿಂಬದಿಯ ಚಕ್ರ ಬಾವಿಯ ಕಟ್ಟೆ ಹತ್ತಿತ್ತು. ನಿಲ್ಲುವವನು ಲಾರಿಯ ಹಿಂದೆ ನಿಂತು ಕೂಗಬೇಕು. ಅಷ್ಟೇ ಕೆಲಸ.

"ಬರ್ಲಿ... ಬರ್ಲಿ... ಎಡಕ್ಕೆ ಹೊಡಿ... ಇನ್ನೂ ಹೊಡಿ... ಬರ್ಲಿ... ಹೋಲ್ಡಾನ್!"

ಆ ವರ್ಷ ಗೋಡೆ ಒಂದು ಸಲವೂ ಬೀಳಲಿಲ್ಲ. ಹಾಕಿಯಲ್ಲಿ ನೊಂದಿದ್ದ ವ್ಯಾಪಾರಿಗೆ ಇದರಿಂದ ತುಂಬ ಸಮಾಧಾನವಾಯಿತು. ಇಂಥ ಡ್ರೈವರುಗಳು ಈ ಸೀಮೆಯಲ್ಲೇ ಇಲ್ಲ ಎಂದುಕೊಂಡ. ಆಯುಧಪೂಜೆಯ ದಿನ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಒಂಬತ್ತು ಜನ ಡ್ರೈವರುಗಳಿಗೂ ಶಾಲು ಹೊದಿಸಿ ಹಣ್ಣುಕಾಯಿ ಕೊಡುವುದು ಎಂದು ಗೊತ್ತುಮಾಡಿದ.

ಡ್ರೈವರುಗಳು ವೇದಿಕೆಗೆ ನುಗ್ಗಿದರು. ಗೊಂದಲವಾಯಿತು. ಒಬ್ಬ ಮೈಕಿನ ವೈರು ತೊಡರಿದ. ಆಗ ಹಿಂದಿನಿಂದ ಒಂದು ದನಿ ಬಂತು. "ಒಬ್ಬೊಬ್ಬರೇ ಬರ್ಲಿ... ಎಡಕ್ಕೆ ಬನ್ನಿ... ನೀವು ನಿಲ್ಲಿ, ಅವರನ್ನು ಬಿಡಿ... ಹಾಂ, ಈಗ ಬನ್ನಿ." ಒಂಬತ್ತು ಜನವೂ ಸಾಲಾಗಿ ಬಂದರು, ಶಾಲು ಹೊದ್ದರು, ಸಾಲಾಗಿ ಇಳಿದರು. ಯಾರೂ ಯಾರ ಕಾಲನ್ನೂ ತುಳಿಯಲಿಲ್ಲ. ಎಷ್ಟು ಶಿಸ್ತಿನ ಜನ ಎಂದು ವ್ಯಾಪಾರಿ ಪಕ್ಕದಲ್ಲಿ ಕೂತಿದ್ದ ಮೇಷ್ಟ್ರಿಗೆ ಹೇಳಿದ. ಮೇಷ್ಟ್ರು ಹೌದು ಎಂದರು.

ಎಲ್ಲ ಮುಗಿದ ಮೇಲೆ ವ್ಯಾಪಾರಿ ಹೊರಗೆ ಬರುವಾಗ ನಿಲ್ಲುವವನು ಶಾಮಿಯಾನದ ಕಂಬದ ಹತ್ತಿರ ಕಂಡ. ವ್ಯಾಪಾರಿ ಕೆಟ್ಟವನಲ್ಲ. ನಿಂತು ಮಾತಾಡಿಸಿದ.

"ಏನಯ್ಯಾ, ಇಷ್ಟು ದೊಡ್ಡ ದನಿ ಇದೆ ನಿನಗೆ! ಮತ್ತೆ ಮೈದಾನದಲ್ಲಿ ಯಾಕೆ ಆಕಳಿಸ್ತಾ ನಿಂತಿರ್ತಿದ್ದೆ?"

ನಿಲ್ಲುವವನು ಅವನ ಮುಖ ನೋಡಿದ. ತಮಾಷೆಗೆ ಕೇಳಿದ್ದಲ್ಲ ಎಂದು ಅವನಿಗೆ ತಿಳಿಯಿತು.

"ಅಭ್ಯಾಸ ಸಾಹುಕಾರ್ರೇ" ಎಂದ.

ಗೇಟಿನ ಹತ್ತಿರ ಒಂದು ಲಾರಿ ಹಾರನ್ ಹೊಡೆಯಿತು. ನಿಲ್ಲುವವನು ಅತ್ತ ಹೋದ.

ಗುರುಗಳು ಕತೆ ನಿಲ್ಲಿಸಿದರು. ಪಾಲಾಕ್ಷ ನಗುತ್ತಿದ್ದವನು ಸ್ವಲ್ಪ ಹೊತ್ತಿಗೆ ನಗು ಬಿಟ್ಟ. ಅವನಿಗೆ ಸಿಟ್ಟು ಬಂತು.

"ಇದೇನು ಗುರುಗಳೇ, ಕೊನೆಗೂ ಅವನಿಗೆ ಜಾಗ ಸಿಗಲೇ ಇಲ್ಲವಾ? ತಪ್ಪು ಎಲ್ಲಾಯಿತು ಅಂತ ನನಗೆ ಗೊತ್ತು. ಆ ಮೂವರಲ್ಲಿ ಒಬ್ಬನೂ ಡಿಫೆಂಡರ್ ಆಗಿ ಆಡಿದವನಲ್ಲ. ಡಿಫೆಂಡರನನ್ನು ಡಿಫೆಂಡರನೇ ತೂಗಬೇಕು. ನಾನು ಎಂಟು ವರ್ಷ ನಿಮ್ಮ ಕೈಕೆಳಗೆ ಡಿಫೆಂಡರ್ ಆಗಿಯೇ ಆಡಿದ್ದೀನಿ. ನಾನು ಅಲ್ಲಿದ್ದಿದ್ದರೆ ಒಂದೇ ಪಂದ್ಯದಲ್ಲಿ ಗುರುತು ಹಿಡೀತಿದ್ದೆ. ಹಾಗೆ ನೋಡಿದರೆ ನನಗಂತೂ ಯಾರೂ ಕೂಗಿ ಹೇಳಬೇಕಾಗಿರಲಿಲ್ಲ. ಚೆಂಡು ಎಲ್ಲಿಗೆ ಬರುತ್ತೆ ಅಂತ ಮೊದಲೇ ಹೊಳೆದುಬಿಡುತ್ತಿತ್ತು."

ಗುರುಗಳು ಕೇಳಿದರು: "ಆ ಎಂಟು ವರ್ಷ ನಿನ್ನ ಹಿಂದೆ ಆಡಿದವನ ಹೆಸರೇನು?"

ಪಾಲಾಕ್ಷನಿಗೆ ನೆನಪಾಗಲಿಲ್ಲ.